ಸಿರಿಲ್ ಪೆಂಬಲ್‌ನ ನೂರಾ ಮೂವತ್ತೆರಡನೆಯ ಸಾವು

ಅಂದು ಬೆಳಿಗ್ಗೆ ಏಳಕ್ಕೆ ಮುರಗೆಪ್ಪ ಮಾಡಿದ ತಪ್ಪು ಒಂದೇ. ಮೊಬೈಲಿನಲ್ಲಿ ಒಬ್ಬ ಬಿಳಿಗಡ್ಡದ ಮುದುಕನ ಫೋಟೋಕ್ಕೆ ಹಾರ ಹಾಕಿ, ಎರಡು ದೀಪ ಹಚ್ಚಿ, ‘ಮತ್ತೆ ಹುಟ್ಟಿ ಬಾ, ಹಿರಿಯ ಜೀವವೇ’ ಎಂದು ಬರೆದು ಸ್ಟೇಟಸ್ ಇಟ್ಟ.

ಮುದುಕನ ಹೆಸರು ಸಿರಿಲ್ ಪೆಂಬಲ್; ಸತ್ತನೆಂದು ರಾತ್ರಿ ಮೊಬೈಲಿನಲ್ಲಿ ಸುದ್ದಿ ಬಂದಿತ್ತು. ಇಂಗ್ಲೆಂಡಿನ ನಟ. ಐವತ್ತು ವರ್ಷದಲ್ಲಿ ಇನ್ನೂರಾ ಹದಿನಾಲ್ಕು ಚಿತ್ರ. ಬಟ್ಲರ್, ಪೋಸ್ಟ್‌ಮಾಸ್ತರ, ಪಾದ್ರಿ, ಜಡ್ಜು, ಏನು ಕೊಟ್ಟರೂ ಮಾಡಿದವನು. ಅವುಗಳ ಪೈಕಿ ನೂರಾ ಮೂವತ್ತೊಂದರಲ್ಲಿ ಮಧ್ಯಂತರಕ್ಕೆ ಮೊದಲೇ ಸತ್ತವನು. ಬನಹಟ್ಟಿಯಲ್ಲಿ ಅವನಿಗಿದ್ದ ಏಕೈಕ ಅಭಿಮಾನಿ ನೇಕಾರ ಮುರಗೆಪ್ಪ. ಮಗ್ಗದ ಗದ್ದಲದಲ್ಲಿ ಮೊಬೈಲಿನ ಸಿನಿಮಾದ ಮಾತು ಕೇಳಿಸುವುದಿಲ್ಲ. ಪೆಂಬಲ್‌ಗೆ ಮಾತೇ ಇರುತ್ತಿರಲಿಲ್ಲ. ಹೀಗಾಗಿ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು.

ಸಂಜೆ ಐದರ ಬಸ್ಸಿಗೆ ಸಾವಳಗಿಯ ಬಸಗೊಂಡಪ್ಪನವರಿಗೆ ಮಗಳ ಮದುವೆಯ ಹನ್ನೆರಡು ಸೀರೆ ಕಳಿಸಬೇಕಿತ್ತು. ಹನ್ನೊಂದನ್ನು ಮಡಚಿಟ್ಟಾಗಿತ್ತು. ಹನ್ನೆರಡನೆಯದರ ಸೆರಗೊಂದು ಬಾಕಿ, ಎರಡು ತಾಸಿನ ಕೆಲಸ. ಹಿಂದೆ ಎರಡು ಸಲ ತಡಮಾಡಿದ್ದ ಮುರಗೆಪ್ಪನಿಗೆ ಅವರು, “ಇದು ಕಡೀ ಸಲ ನೋಡು” ಎಂದಿದ್ದರು.

ಎಂಟಕ್ಕೆ ಓಣಿ ಗಪ್ಪಾಯಿತು. ಜಗಳಾಡುತ್ತಿದ್ದ ಗಂಡಹೆಂಡಿರು ಬೀಗರನ್ನು ಬಾಗಿಲಲ್ಲಿ ಕಂಡ ಹಾಗೆ ನಲವತ್ತು ಮಗ್ಗ ಒಮ್ಮೆಲೇ ನಿಂತವು. ಕರೆಂಟು ಹೋಯಿತೆಂದು ಮುರಗೆಪ್ಪ ತಲೆಯೆತ್ತಿದ. ಫ್ಯಾನು ತಿರುಗುತ್ತಿತ್ತು.

ಪಕ್ಕದ ಮನೆಯ ಹಾಲವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಒಳಬಂದಳು.

“ಯಾವಾಗ ಆತೋ ಯಪ್ಪಾ? ರಾತ್ರಿ ಉಂಡಿದ್ರೇನು?”

“ಯಾರು ಬೇ?”

“ನೀ ಮೊಬೈಲಿನ್ಯಾಗ ಹಾರ ಹಾಕಿದ ಹಿರ್ಯಾರು! ಮಾರ್ಯಾಗ ಎಂಥಾ ಕಳೆ! ಮಂಗಲಾನ ಕಡೇವ್ರೇನು?”

“ನಮ್ಮ ಕಡೆ ಇಷ್ಟ ಬೆಳ್ಳಗ ಯಾರೂ ಇಲ್ಲ!” ಎಂದು ಹೆಂಡತಿ ಮಂಗಲಾ ಅಡುಗೆಮನೆಯಿಂದ ಕೂಗಿದಳು.

ಓಣಿಯ ರೂಢಿ ಹಳೆಯದು. ಸಾವಾದರೆ ಮಣ್ಣಾಗುವ ತನಕ ಯಾರ ಮನೆಯ ಮಗ್ಗವೂ ಸಪ್ಪಳ ಮಾಡುವಂತಿಲ್ಲ. ಮುರಗೆಪ್ಪ ಓಣಿಯ ಹಿರಿಯ ಮಾಳಿಂಗರಾಯನ ಕಟ್ಟೆಗೆ ಓಡಿದ.

“ಕಾಕಾ, ಅವ ನಮ್ಮಾವಲ್ರೀ. ಇಂಗ್ಲೆಂಡಿನ ನಟ.”

“ನಿಮ್ಮಾವಲ್ಲಂದ್ರ ಹಾರ ಯಾಕ ಹಾಕಿದಿ?”

“ಅಭಿಮಾನರೀ.”

“ಹೋದ ವರ್ಷ ನಿನ್ನ ಸ್ವಂತ ಸ್ವಾದರಮಾವ ತೀರಿದಾಗ ಹಾಕಲಿಲ್ಲ. ಅಂದಮ್ಯಾಲ ಇವ ಮಾವಗಿಂತ ಹತ್ತರದಾವ. ಸೀರಿ ಸಲುವಾಗಿ ಹೆಣಾ ಮುಚ್ಚಿಡಬ್ಯಾಡ. ಮಣ್ಣು ಯಾವಾಗ?”

ಮುರಗೆಪ್ಪ ಇಲ್ಲಿ ನಿಜ ಹೇಳಿ ಕೆಟ್ಟ. “ಅಲ್ಲಿ ಹದಿನೈದು ದಿನಾನೂ ಇಡ್ತಾರಂತರೀ.”

“ಇಟ್ಕೊಳ್ಳಿ ಬಿಡು. ನಾವೂ ಹದಿನೈದು ದಿನ ನಿಲ್ಸೂಣು.”

ಕಟ್ಟೆಯ ಮೇಲೆ ಆಗಲೇ ಇಸ್ಪೀಟು ಹಂಚಿಯಾಗಿತ್ತು. ಆಡುವವರೆಲ್ಲ ಬಹಳ ದುಃಖದಿಂದ ಎಲೆ ಎತ್ತಿಕೊಂಡರು.

ನಟನೆಂದು ತೋರಿಸಿಬಿಡೋಣವೆಂದು ಮುರಗೆಪ್ಪ ಹಾಲವ್ವನ ಮುಂದೆ ಮೊಬೈಲು ಹಿಡಿದ. ಮೊದಲ ಚಿತ್ರದಲ್ಲಿ ಪೆಂಬಲ್ ಮೆಟ್ಟಿಲಿನಿಂದ ಉರುಳಿ ಸತ್ತ.

“ಅಯ್ಯ ಶಿವನ! ಹಿಂಗ ಬಿದ್ದು ಹ್ವಾದ್ರೇನು!”

ಮುಂದಿನದರಲ್ಲಿ ವಿಷ ಕುಡಿದು ಸತ್ತ. ಅದರ ಮುಂದಿನದರಲ್ಲಿ ಗುಂಡು ತಗುಲಿತು.

“ಮುದುಕಗ ಎಷ್ಟು ಮಂದಿ ವೈರಿಗೋಳೋ ಯಪ್ಪಾ!” ಹಾಲವ್ವ ಈಗ ಖರೆಯೇ ಅತ್ತಳು.

ಮುರಗೆಪ್ಪ ಬಾಗಿಲು ಹಾಕಿಕೊಂಡು ಕದ್ದು ನೇಯಲು ನೋಡಿದ. ಮಗ್ಗ ಮೂರು ಸಲ ಖಟ್ ಅಂದಿತೋ ಇಲ್ಲವೋ, ಇಡೀ ಓಣಿ ಅಂಗಳದಲ್ಲಿತ್ತು. ಮಗ್ಗದ ಸ್ವಿಚ್ಚಿನ ಮುಂದೆ ಮಾಳಿಂಗರಾಯ ಕುರ್ಚಿ ಹಾಕಿಸಿಕೊಂಡು ಕೂತ.

ಎರಡು ಗಂಟೆಗೆ ಮೊಬೈಲಿನಲ್ಲಿ ಹೊಸ ಸುದ್ದಿ ಬಂತು. ಪೆಂಬಲ್ ಸತ್ತಿರಲಿಲ್ಲ. ಶೂಟಿಂಗಿನಲ್ಲಿ ಹೆಣವಾಗಿ ಮಲಗಿದ್ದನ್ನು ಯಾರೋ ಫೋಟೋ ಹೊಡೆದು ಹಬ್ಬಿಸಿದ್ದರು. ‘ನಾನು ಚಹಾ ಕುಡಿಯುತ್ತಿದ್ದೇನೆ’ ಎಂದು ಸ್ವತಃ ಅವನೇ ಕಪ್ಪು ಎತ್ತಿ ತೋರಿಸಿದ್ದ.

“ಕಾಕಾ! ಸತ್ತಿಲ್ರೀ! ಏಳ್ರಿ, ಮಗ್ಗ ಚಾಲೂ ಮಾಡ್ತೇನಿ!”

ಮಾಳಿಂಗರಾಯ ಮೊಬೈಲನ್ನು ದೂರ ಹಿಡಿದು ನೋಡಿ, ತಿರುಗಿ ಕೊಟ್ಟ.

“ಸತ್ತರ, ಮಣ್ಣಾದಮ್ಯಾಲ ಚಾಲೂ ಮಾಡೂದು ರೂಢಿ. ಮಗ್ಗ ನಿಲ್ಸಿದಮ್ಯಾಲ ಸಾಯಲಿಲ್ಲಂದ್ರ ಏನ ಮಾಡಬೇಕು? ಅದಕ್ಕ ರೂಢಿ ಇಲ್ಲ. ಸೋಮವಾರ ದೈವದ ಪಂಚರನ್ನ ಕೂಡ್ಸಿ ಕೇಳೂಣು.”

“ಇವತ್ತ ಗುರುವಾರರೀ!”

“ಸೋಮವಾರ ಬಂದ ಬರ್ತೈತಿ, ಗಾಬರ್ಯಾಗಬ್ಯಾಡ.”

“ಹಂಗಾರ ಸತ್ತಾನ ಅಂತನ ತಿಳೀರಿ! ಮಣ್ಣೂ ಆತು ಅಂತ ತಿಳೀರಿ!”

“ಥೂ ಖೋಡಿ!” ಹಾಲವ್ವ ಸಿಡಿದಳು. “ಒಂದ ಸೀರಿ ಸಲುವಾಗಿ ಕುಂತು ಚಾ ಕುಡ್ಯಾಕತ್ತಾವನ್ನ ಹುಗೀತಿ?”

ಇಸ್ಪೀಟಿನವರೂ ಛೀ ಎಂದರು. ಐದರ ಬಸ್ಸು ಹೋಯಿತು. ಐದೂ ಹತ್ತಕ್ಕೆ ಬಸಗೊಂಡಪ್ಪನವರ ಫೋನು.

“ಸಾವ್ಕಾರ, ತಪ್ಪಾತ್ರೀ, ಸೆರಗೊಂದು...”

“ಏ, ಇರ್ಲಿ ತಗೋ ಮುರಗೆಪ್ಪಾ. ನಿನ್ನ ಸ್ಟೇಟಸ್ ಮುಂಜಾನೇನ ನೋಡೀನಿ. ಸಾವಾದ ಮನಿ ಸೀರಿ ಮದವಿಗೆ ಹ್ಯಾಂಗ ತರೂದು? ಒಂಬತ್ತಕ್ಕ ರಬಕವಿ ಅಂಗಡಿಗೆ ಬಂದು ಹನ್ನೆರಡೂ ತಗೊಂಡ ಹ್ವಾದ್ವಿ. ಬ್ಯಾಸರಾ ಮಾಡ್ಕೋಬ್ಯಾಡ.” ಅವರ ದನಿ ಮೆತ್ತಗಾಯಿತು. “ಮತ್ತ ಹಿರ್ಯಾರ ಮಣ್ಣು... ಎಲ್ಲಾ ಸುಸೂತ್ರ ಆತಿಲ್ಲೋ?”

“ಇಲ್ರೀ.”

“ಯಾಕ, ಏನಾತು?”

ಮುರಗೆಪ್ಪ ಮಡಚಿಟ್ಟ ಹನ್ನೊಂದು ಸೀರೆಗಳನ್ನು ನೋಡಿದ.

“ಆರಾಮಾದ್ರು,” ಎಂದ.