ಮೇಷ್ಟ್ರ ಕಾಯಿಲೆಯೂ ನಮ್ಮ ಇಂಪಾರ್ಟೆಂಟ್ ಪ್ರಶ್ನೆಗಳೂ

ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಹಾಗೆಂದು ನನ್ನನ್ನು ದೊಡ್ಡ ವಿಚಾರವಾದಿ ಎಂದುಕೊಳ್ಳಬೇಡಿ. ಒಂದು ಕಾಲದಲ್ಲಿ ನಾನೂ ಅದೇ ಕಸುಬು ಮಾಡಿದವನು, ಅದರ ಒಳಗುಟ್ಟು ಗೊತ್ತು, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಜಯನಗರದ ಒಂದು ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಿದ್ದಾಗ, ಕ್ಲಿನಿಕಲ್ ಬಯೋಕೆಮಿಸ್ಟ್ರಿಯಲ್ಲಿ ಯಾವ ಪ್ರಶ್ನೆ ಬರುತ್ತದೆ ಎಂದು ಊಹಿಸುವುದರಲ್ಲಿ ನನ್ನದು ಎತ್ತಿದ ಕೈ. ಓದುವುದರಲ್ಲಲ್ಲ. ಗಿರಿನಗರದಿಂದ ಎರಡು ಬಸ್ಸು ಬದಲಿಸಿ ಬರುವವನು ಇಡೀ ಪುಸ್ತಕ ಓದಲಾರ, ಹತ್ತು ಪುಟ ಆರಿಸಿ ಓದಬೇಕು ಎಂಬುದು ನನ್ನ ಸಿದ್ಧಾಂತ. ಅಮ್ಮನನ್ನೂ ಹಾಗೆಯೇ ಒಪ್ಪಿಸಿದ್ದೆ.

ಉಳಿದವರು ಹಳೆಯ ಪ್ರಶ್ನೆಪತ್ರಿಕೆ ಹುಡುಕುತ್ತಿದ್ದರೆ ನಾನು ಮೇಷ್ಟ್ರನ್ನು ನೋಡುತ್ತಿದ್ದೆ. ನಮಗೆ ಪಾಠ ಹೇಳಿ, ಕಾಲೇಜಿನ ಪರೀಕ್ಷೆಗೆ ಪ್ರಶ್ನೆ ತೆಗೆದು, ತಾವೇ ತಿದ್ದುತ್ತಿದ್ದವರು ಶೇಷಗಿರಿ ಮೇಷ್ಟ್ರು. ಪಾಪದ ಮನುಷ್ಯ. ಅವರಿಗೆ ಒಂದು ಅಭ್ಯಾಸವಿತ್ತು, ಅದು ಅವರಿಗೇ ಗೊತ್ತಿರಲಿಲ್ಲ. ತಮಗೆ ಏನು ಕಾಯಿಲೆಯೋ ಅದನ್ನೇ ಪ್ರಶ್ನೆ ಕೇಳುತ್ತಿದ್ದರು. ಕ್ಯಾಂಟೀನಿನಲ್ಲಿ ಸಕ್ಕರೆ ಇಲ್ಲದ ಕಾಫಿ ಹೇಳಿದ ತಿಂಗಳು ಸಕ್ಕರೆ ಕಾಯಿಲೆಯ ಪರೀಕ್ಷೆಗಳ ಮೇಲೆ ಹತ್ತು ಅಂಕ. ಕಾಲಿನ ಹೆಬ್ಬೆರಳು ಊದಿಕೊಂಡು ಚಪ್ಪಲಿ ಎಳೆಯುತ್ತಾ ಬಂದ ವಾರ ಯೂರಿಕ್ ಆಸಿಡ್. ಎರಡು ಸಲ ನನ್ನ ಮಾತು ಫಲಿಸಿದ ಮೇಲೆ ಕ್ಲಾಸಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ನಾನು ಗುರು. ನಾನು ಗೀಚಿದ ಚೀಟಿ ಫೋರ್ತ್ ಬ್ಲಾಕಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿಯಾಗಿ ಹಂಚಿಹೋಗುತ್ತಿತ್ತು.

ಕೊನೆಯ ವರ್ಷದ ಕಾಲೇಜು ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಮುಖ್ಯ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಅದಕ್ಕೆ ಒಂದು ತಿಂಗಳಿದ್ದಾಗ ಮೇಷ್ಟ್ರ ಕಣ್ಣು ಹಳದಿಯಾಗಿದ್ದು ನನಗೆ ಕಂಡಿತು. ಗಡಿಯಾರದ ಪಟ್ಟಿ ಸಡಿಲಾಗಿ ಮುಂಗೈಯಲ್ಲಿ ಜಾರುತ್ತಿತ್ತು. ಪಾಠದ ಮಧ್ಯೆ ಅಂಗೈ ಕೆರೆದುಕೊಳ್ಳುತ್ತಿದ್ದರು. ಹೇಳಲು ನಾಚಿಕೆಯಾಗುತ್ತದೆ, ನನಗೆ ಹಿಗ್ಗೋ ಹಿಗ್ಗು. ಕಾಮಾಲೆ ಗ್ಯಾರಂಟಿ ಎಂದು ಸಾರಿಬಿಟ್ಟೆ. ಎಲ್ಲರೂ ಬೇರೆ ಪಾಠಗಳನ್ನು ಮುಚ್ಚಿಟ್ಟರು. ಗದಗದಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ ಬಸವರಾಜ ಮಾತ್ರ ಬಸ್ ಸ್ಟಾಪಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದ.

"ಅವರಿಗೆ ಗೊತ್ತೈತೋ ಇಲ್ಲೋ ಯಾರಿಗ್ಗೊತ್ತು. ನಾವ ಹೋಗಿ ಹೇಳೂಣೇನು?"

"ಸುಮ್ನಿರು ಮಗಾ," ಎಂದೆ. "ನಮಗೆ ಗೊತ್ತಾಗಿದೆ ಅಂತ ತಿಳಿದ್ರೆ ಪ್ರಶ್ನೆ ಬದಲಾಯಿಸಿಬಿಡ್ತಾರೆ. ಊರಿಗೆಲ್ಲ ಪಾಠ ಹೇಳೋರಿಗೆ ಅಷ್ಟು ಗೊತ್ತಿರಲ್ವಾ?"

ಅವನು ಪರವೂರಿನವನು. ಬೆಂಗಳೂರಿನವನಿಗೆ ಹೆಚ್ಚು ತಿಳಿದಿರುತ್ತದೆ ಎಂದು ನಂಬಿ ಸುಮ್ಮನಾದ.

ಪ್ರಶ್ನೆಪತ್ರಿಕೆಯಲ್ಲಿ ಕಾಮಾಲೆ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಿಯೂ ಇಲ್ಲ. ಹತ್ತು ಅಂಕಕ್ಕೆ ಇದ್ದದ್ದು ಜಠರರಸದ ಪರೀಕ್ಷೆ. ಇಡೀ ಕ್ಲಾಸು ತಲೆಯೆತ್ತಿ ನನ್ನನ್ನೇ ನೋಡಿತು. ನನ್ನ ಸಿದ್ಧಾಂತವೇನೂ ತಪ್ಪಿರಲಿಲ್ಲ. ಊಟ ಸೇರದಿದ್ದುದಕ್ಕೆ ಮೇಷ್ಟ್ರು ತಮಗೆ ಗ್ಯಾಸ್ಟ್ರಿಕ್ ಎಂದುಕೊಂಡಿರಬೇಕು. ನಮ್ಮ ಕಡೆ ಎದೆಯಿಂದ ತೊಡೆಯವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್ಕೇ ತಾನೆ. ದೀಪದ ಬುಡದಲ್ಲಿ ಕತ್ತಲೆ. ಅವರಿಗೆ ತಮ್ಮ ಕಾಯಿಲೆ ಗೊತ್ತಿಲ್ಲ ಎಂದು ಆ ಕ್ಷಣ ನನಗೆ ಹೊಳೆಯಿತು. ಹೊಳೆದರೂ ಚಿಂತೆಯೆಲ್ಲ ನನ್ನ ಹಾಲ್ ಟಿಕೆಟ್ಟಿನದೇ. ಖಾಲಿ ಹಾಳೆ ಕೊಡಬಾರದೆಂದು ಜಠರರಸದ ತಲೆಬರಹದ ಕೆಳಗೆ ಕಾಮಾಲೆಯನ್ನೇ ಬರೆದೆ. ಪುಸ್ತಕ ನೆನಪಿಗೆ ಬಾರದ ಕಡೆ ಕಂಡದ್ದನ್ನು ಬರೆದೆ. ಕಣ್ಣು ಹಳದಿ, ಅಂಗೈ ತುರಿಕೆ, ಗಡಿಯಾರ ಜಾರುವಷ್ಟು ಸೊರಗುವುದು, ತಡಮಾಡಿದರೆ ಅಪಾಯ.

ಮೂರು ದಿನದ ಮೇಲೆ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆಸಿದರು. ಎದುರಿಗೆ ನನ್ನ ಉತ್ತರ, ಅದರ ಪಕ್ಕ ಕೆಂಪು ಶಾಯಿಯ ಸೊನ್ನೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಬೈಯಲಿಲ್ಲ. ಉತ್ತರ ಓದಿ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಂದು ನೋಡಿಕೊಂಡರಂತೆ, ಆಮೇಲೆ ನಮ್ಮ ಲ್ಯಾಬಿನಲ್ಲೇ ತಮ್ಮ ರಕ್ತ ಪರೀಕ್ಷೆ ಮಾಡಿಕೊಂಡರಂತೆ.

"ಯಾರನ್ನ ನೋಡಿ ಬರೆದೆ ಇದನ್ನ?"

"ನಿಮ್ಮನ್ನೇ ಸಾರ್."

"ಎಷ್ಟು ದಿನದಿಂದ ಗೊತ್ತಿತ್ತು?"

ಒಂದು ತಿಂಗಳು ಎಂದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಉತ್ತರವೇನೋ ಸರಿಯಾಗಿದೆಯಪ್ಪಾ. ಆದ್ರೆ ಇದನ್ನ ಪರೀಕ್ಷೆಯಲ್ಲಿ ಬರೆಯೋದಲ್ಲ, ನನ್ನ ಹತ್ರ ಬಂದು ಹೇಳಬೇಕಾಗಿತ್ತು."

ಮರುಪರೀಕ್ಷೆಯಲ್ಲಿ ನಾನು ಪಾಸಾದೆ. ಪಿತ್ತಕೋಶದ ಹತ್ತಿರ ಗಡ್ಡೆಯೆಂದು ಮೇಷ್ಟ್ರಿಗೆ ಆಪರೇಷನ್ ಆಯಿತು, ನಮ್ಮ ರಿಸಲ್ಟ್ ಬರುವ ಮೊದಲೇ ಹೋಗಿಬಿಟ್ಟರು. ಒಂದು ತಿಂಗಳು ಮುಂಚೆ ತಿಳಿದಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಕೆಲವರು ಸಮಾಧಾನ ಹೇಳಿದರು. ಇರಬಹುದು. ಅದನ್ನು ತಿಳಿಯುವ ದಾರಿಯನ್ನು ಮುಚ್ಚಿದವನು ನಾನೇ.

ಈಗ ಜೆಪಿ ನಗರದ ಒಂದು ಲ್ಯಾಬಿನಲ್ಲಿದ್ದೇನೆ. ಎದುರಿಗೆ ಬಂದವರ ಕಣ್ಣನ್ನು ಮೊದಲು ನೋಡುವ ಚಟ ಅಂಟಿಕೊಂಡಿದೆ. ಬನಶಂಕರಿ ಬಸ್ಸಿನಲ್ಲಿ ಅಪರಿಚಿತರಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ ಸಾರ್ ಎಂದು ಹೇಳಿ ಬೈಸಿಕೊಂಡಿದ್ದೇನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹೆಂಡತಿ ನಗುತ್ತಾಳೆ. ಅವಳ ಮಾತೂ ನಿಜ, ಇದುವರೆಗೆ ನಾನು ಹೀಗೆ ಎಚ್ಚರಿಸಿದ ಒಬ್ಬರಿಗೂ ಏನೂ ಆಗಿಲ್ಲ. ನಿಜವಾದದ್ದು ಒಂದೇ ಒಂದು, ಅದನ್ನು ಮೇಷ್ಟ್ರೊಬ್ಬರನ್ನು ಬಿಟ್ಟು ಇಡೀ ಕ್ಲಾಸಿಗೆ ಹೇಳಿದ್ದೆ.