ಫೋಟೋ ತೆಗೆದವರ ಹೆಸರು

ಆರ್ಯಾ, ಸೋಹಮ್, ನಿಮ್ಮ ಸಣ್ಣಜ್ಜನಷ್ಟು ಪ್ರಾಮಾಣಿಕ ಮನುಷ್ಯ ಇಡೀ ಬೊರಿವಲಿಯಲ್ಲಿ ಇನ್ನೊಬ್ಬನಿಲ್ಲ. ಇನ್ನೊಬ್ಬ ಇದ್ದಿದ್ದರೆ ನಾವೆಲ್ಲ ಬೊರಿವಲಿ ಬಿಟ್ಟು ಓಡಬೇಕಾಗುತ್ತಿತ್ತು!

ನನ್ನ ಈ ಮೈದುನ ವಿಕ್ರೋಳಿಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ನಮ್ಮ ಕನ್ನಡ ಸಂಘದ ಪೋಸ್ಟರು, ಸ್ಮರಣ ಸಂಚಿಕೆಗಳನ್ನು ತಾನೇ ಕಂಪ್ಯೂಟರಿನಲ್ಲಿ ಜೋಡಿಸತೊಡಗಿದ. ಚಿತ್ರಗಳಿಗೇನು ಬರ? ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವಲ್ಲ! ಸಕ್ಕರೆ ಕಾಯಿಲೆ ತಪಾಸಣೆಯ ಶಿಬಿರಕ್ಕೆಂದು, ಯಾರೋ ಬಿಳಿಯ ಗಂಡ ಹೆಂಡತಿ ಹಲ್ಲು ಬಿಟ್ಟು ನಗುವ ಫೋಟೋ ಇಳಿಸಿಕೊಂಡು, ಕೆಳಗೆ ‘ನಮಗೆ ತಡವಾಗಿ ಗೊತ್ತಾಯಿತು!’ ಎಂದು ಅಚ್ಚು ಹಾಕಿಸಿ ಬಿಲ್ಡಿಂಗು ಬಿಲ್ಡಿಂಗಿನ ಗೇಟಿಗೂ ಅಂಟಿಸಿ ಬಂದ.

ಕಡ್ಡಿ ಗೀರಿದವಳು ನೀನೇ, ಆರ್ಯಾ. ಬಾಂದ್ರಾದ ಜಾಹೀರಾತು ಆಫೀಸಿನಿಂದ ಬಂದವಳು ಚಪ್ಪಲಿ ಕೂಡ ಬಿಡದೆ ಕೂಗಿದೆ: “ಸಣ್ಣಜ್ಜ, ಫೋಟೋ ಫ್ರೀ ಹೈ, ಮುಖ ಫ್ರೀ ನಹೀ! ಅವರಿಗೆ ರೋಗ ಇದೆ ಅಂತ ನೀ ಹ್ಯಾಂಗ ಹೇಳ್ತಿ? ಕಂಡೀಶನ್ ಪಢಾ ಕ್ಯಾ?”

ಚಿತ್ರದ ಜೊತೆಗೇ ಬರೆದಿದ್ದ ಬಳಕೆಯ ಷರತ್ತುಗಳನ್ನು ಆತ ಓದಿರಲಿಲ್ಲ. ಓದಿದ ಮೇಲೆ ಬೆವರಿದ. ಪೋಸ್ಟರು ಕೀಳೋಣವೆಂದರೆ ತಾನೇ ಕಲಸಿದ ಗೋಂದು, ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೆ ಒಂದೊಂದರ ಮೇಲೂ ಚೀಟಿ ಅಂಟಿಸಿದ: ‘ಈ ದಂಪತಿಗೆ ಸಕ್ಕರೆ ಕಾಯಿಲೆ ಇಲ್ಲ. ಕ್ಷಮಿಸಿ.’

ಶಿಬಿರದ ದಿನ ಜನವೋ ಜನ! ಎಲ್ಲರದೂ ಒಂದೇ ಪ್ರಶ್ನೆ: “ಕಾಕಾ, ಆ ಗೋರಾ ಮಂದಿ ಏನ್ ತಗೊಂಡು ವಾಸಿ ಮಾಡ್ಕೊಂಡ್ರು? ನಮಗೂ ಅದನ್ನ ಕೊಡ್ರಿ!” ಸೋಹಮ್, ನೀನು ನಕ್ಕು ನಕ್ಕು ಕುರ್ಚಿಯಿಂದ ಬಿದ್ದೆ, ನೆನಪಿದೆಯೇ?

ಅಲ್ಲಿಂದ ಆತನಿಗೆ ಷರತ್ತಿನ ಹುಚ್ಚು ಹಿಡಿಯಿತು. “ಫ್ರೀ ಅಂದ್ರ ರೊಕ್ಕ ಬ್ಯಾಡ ಅಂತ ಅಷ್ಟ, ವೈನಿ. ಹೆಸರು ಹಾಕು ಅಂದಿದ್ರ ಹಾಕಬೇಕು. ಬದಲು ಮಾಡಿದ್ರ, ಮಾಡೀನಿ ಅಂತ ಒಪ್ಪಿಕೋಬೇಕು” ಎಂದು ಅತ್ತಿಗೆಗೇ ಪಾಠ ಹೇಳಿದವನೇ ನನ್ನ ಶೇಂಗಾ ಚಟ್ನಿಯ ಡಬ್ಬಿಗೂ ಚೀಟಿ ಅಂಟಿಸಿದ: ‘ಮೂಲ: ವೈನಿಯ ತಾಯಿ. ಬದಲಾವಣೆ: ಬೆಳ್ಳುಳ್ಳಿ ಸೇರಿಸಲಾಗಿದೆ.’ ಬೆಳ್ಳುಳ್ಳಿ ಮುಟ್ಟದ ನನ್ನ ಅಕ್ಕ ಅದೇ ದಿನ ಊಟಕ್ಕೆ ಬರಬೇಕೇ!

ಈ ವರ್ಷದ ಸಂಚಿಕೆಯಲ್ಲಿ ನಿಮ್ಮ ಅಜ್ಜನ ನೆನಪಿಗೆಂದು ಒಂದು ಪುಟ ಇಟ್ಟರು. ಅವರ ಒಳ್ಳೆಯ ಫೋಟೋ ಇರುವುದು ಒಂದೇ. ಉಳಿದವುಗಳಲ್ಲಿ ಪೊಲೀಸರ ಕೈಗೆ ಸಿಕ್ಕವರಂತೆ ನಿಂತಿದ್ದಾರೆ. ಇದರಲ್ಲಿ ಮಾತ್ರ ನ್ಯಾಷನಲ್ ಪಾರ್ಕಿನ ಬೆಂಚಿನ ಮೇಲೆ ಕೂತು ಬಾಯಿ ತುಂಬ ನಗುತ್ತಿದ್ದಾರೆ.

“ತೆಗದವರು ಯಾರು?” ಎಂದ ಮೈದುನ.

“ನಿಮ್ಮ ಅಣ್ಣನ ಫೋಟೋರೀ ಅದು!”

“ಮುಖ ಅಣ್ಣಂದು. ಫೋಟೋ ತೆಗದವರದು. ಅವರ ಒಪ್ಪಿಗಿ ಇಲ್ಲದ ನಾ ಹಾಕಾಂವಲ್ಲ.”

ಗೆಳೆಯರು ಯಾರೋ ತೆಗೆದದ್ದು ಎಂದೇ ಮನೆಯಲ್ಲಿ ಮಾತಿತ್ತು. ಆತ ಅಣ್ಣನ ಗೆಳೆಯರಿಗೆಲ್ಲ ಫೋನು ಮಾಡಿದ. ಯಾರೂ ತಾನೆನ್ನಲಿಲ್ಲ. ಅಚ್ಚಿಗೆ ಕಳಿಸುವ ದಿನ ಬಂತು. ನನ್ನ ಕಣ್ಣೆದುರೇ ನಿಮ್ಮ ಅಜ್ಜನನ್ನು ತೆಗೆದು ಅಲ್ಲೊಂದು ದೀಪ ಕೂರಿಸಿದ. ಯಾವುದೋ ದೇಶದ ಬಿಟ್ಟಿ ದೀಪ, ಷರತ್ತೆಲ್ಲ ಸರಿಯಿದ್ದದ್ದು!

ನಾನು ಸೆರಗಿನ ತುದಿ ಹಿಂಡುತ್ತ ನಿಂತೆ. ಆಮೇಲೆ ಹೇಳಿಯೇಬಿಟ್ಟೆ. “ಅದನ್ನ ತೆಗದಾಕಿ ನಾನ.”

ಮದುವೆಯಾದ ಹೊಸದರಲ್ಲಿ, ಅತ್ತೆಗೆ ಹೇಳದೆ, ಕ್ಯಾಮೆರಾ ಎರವಲು ತಂದು ಆ ಪಾರ್ಕಿಗೆ ಹೋಗಿದ್ದೆವು. ಹಿಂದುಮುಂದಾಗಿ ಹಿಡಿದು, ಕಣ್ಣು ಮುಚ್ಚಿ ನನ್ನ ಮೂಗಿನದೇ ಒಂದು ತೆಗೆದಿದ್ದೆ. ನನ್ನ ಆ ಅವತಾರ ಕಂಡು ಅವರು ನಗುತ್ತಿದ್ದಾಗ ಇದನ್ನು ತೆಗೆದೆ. ನಾಚಿಕೆಯಿಂದ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಮೈದುನ ಕನ್ನಡಕ ತೆಗೆದು ಒರೆಸಿಕೊಂಡ. “ಅಣ್ಣ ಯಾರನ್ನ ನೋಡಿ ಹಿಂಗ ನಗಾಕತ್ತಾನ ಅಂತ ಭಾಳ ಸಲ ಅನಿಸಿತ್ತು, ವೈನಿ” ಎಂದ. ಆಮೇಲೆ ಒಪ್ಪಿಗೆಯ ಕಾಗದ ಮುಂದಿಟ್ಟ. ಬಿಟ್ಟಾನೆಯೇ! ಸಹಿ ಹಾಕಿದೆ.

ಆ ನಗುವಿನ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರಿದೆ. ಜನ್ಮದಲ್ಲಿ ಮೊದಲ ಸಲ ಅದನ್ನು ಅಚ್ಚಿನಲ್ಲಿ ಕಂಡೆ.

ಮಕ್ಕಳೇ, ನಾನು ಬರೆದ ಈ ಹಾಳೆಗಳೂ ನಿಮಗೆ ಬಿಟ್ಟಿ. ಯಾರಿಗೆ ಬೇಕಾದರೂ ಓದಿ ಹೇಳಿ, ಬೇಕಿದ್ದರೆ ಬೆಳ್ಳುಳ್ಳಿಯನ್ನೂ ಸೇರಿಸಿ. ಷರತ್ತು ಒಂದೇ: ಆ ಫೋಟೋದ ಜೊತೆಯಲ್ಲೇ ಜೋಪಾನವಾಗಿ ಇಡಿ.