ಅರಿವಿನ ನಲ್ಲಿ

ನೀರು ಉಳಿತಾಯ ಇಲಾಖೆಯ ಮುಖ್ಯ ಕಚೇರಿಯಲ್ಲಿ ಕೈತೊಳೆಯುವ ನಲ್ಲಿಯನ್ನು ಯಾರೂ ದುರಸ್ತಿ ಮಾಡತಕ್ಕದ್ದಲ್ಲ ಎಂಬ ಆದೇಶ ಈಗಲೂ ಜಾರಿಯಲ್ಲಿದೆ.

ಆದದ್ದಿಷ್ಟು. ಸಿಬ್ಬಂದಿಗೆ ಪ್ರತಿ ಕ್ಷಣವೂ ಎಚ್ಚರದಿಂದ ಬದುಕುವುದನ್ನು ಕಲಿಸಲು ಇಲಾಖೆ ಒಬ್ಬ ತರಬೇತುದಾರರನ್ನು ಕರೆಸಿತ್ತು. ಎಲ್ಲರೂ ಕಣ್ಣು ಮುಚ್ಚಿದಾಗ ಕೇಳಿಸಿದ್ದು ಗುಮಾಸ್ತರೊಬ್ಬರ ಗೊರಕೆ ಮತ್ತು ಮೂಲೆಯ ನಲ್ಲಿ ತೊಟ್ಟಿಕ್ಕುವ ಸದ್ದು. ತರಬೇತುದಾರರು ಸಭ್ಯರು, ನಲ್ಲಿಯನ್ನೇ ಆರಿಸಿಕೊಂಡರು. ಒಳ್ಳೆಯದು, ಕೆಟ್ಟದ್ದು ಎನ್ನದೆ ಬೀಳುವ ಹನಿಯನ್ನು ಸುಮ್ಮನೆ ಗಮನಿಸಿ ಎಂದರು. ಹಾಗೆ ಗಮನಿಸಿದ ನಿರ್ದೇಶಕರಿಗೆ ಎಂದೂ ಇಲ್ಲದ ನೆಮ್ಮದಿ ಸಿಕ್ಕಿತು. ನಲ್ಲಿಗೆ 'ಅರಿವಿನ ಸಾಧನ' ಎಂಬ ದರ್ಜೆ ಸಿಕ್ಕಿತು. ಕೆಲಸವಿಟ್ಟುಕೊಂಡು ಬಂದ ಸಾರ್ವಜನಿಕರಿಗೆ, ಹನಿ ನಿಂತ ಮೇಲೆ ಬನ್ನಿ ಎಂಬ ಉತ್ತರ ಸಿಕ್ಕಿತು.

ಕಚೇರಿಯ ನಲ್ಲಿ ಮೇಸ್ತ್ರಿಗೆ ಮಾತ್ರ ಸಂಕಟ. ಸೋರುವ ನಲ್ಲಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಜೇಬಿನಲ್ಲಿ ಸ್ಪ್ಯಾನರ್ ಇರುತ್ತದೆ.

"ವಾಷರ್ ಸವೆದಿದೆ ಸಾರ್, ಚಿಟಿಕೆ ಹೊಡೆಯೋದ್ರೊಳಗೆ ಸರಿಮಾಡ್ತೀನಿ."

"ಸರಿ ಮಾಡ್ಬೇಕು ಅನ್ನೋದೇ ಕಣಯ್ಯಾ ಮನಸ್ಸಿನ ರೋಗ," ಎಂದರು ನಿರ್ದೇಶಕರು, ಕಣ್ಣು ತೆರೆಯದೆ.

ಒಂದು ಬೆಳಿಗ್ಗೆ ಕಸ ಸಿಕ್ಕಿಕೊಂಡು ಹನಿ ತಾನಾಗಿಯೇ ನಿಂತಿತು. ಕಚೇರಿ ಕಂಗಾಲಾಯಿತು. ದಿಕ್ಕು ತೋಚದೆ ಇಬ್ಬರು ಗುಮಾಸ್ತರು ಬಾಕಿ ಕೆಲಸ ಮಾಡಲು ಕೂತುಬಿಟ್ಟರು. ಅನಧಿಕೃತ ದುರಸ್ತಿಯ ಆರೋಪ ನೇರವಾಗಿ ಮೇಸ್ತ್ರಿಯ ತಲೆಗೆ ಬಂತು. ಮುಟ್ಟಿಲ್ಲವೆಂದು ಅವನು ಗೋಗರೆದ. ಸಂಜೆಯೊಳಗೆ ನಲ್ಲಿ ಸೋರದಿದ್ದರೆ ಕೆಲಸದಿಂದ ವಜಾ ಎಂದು ಆದೇಶವಾಯಿತು.

ಕಸ ತೆಗೆದಿದ್ದರೆ ಸಾಕಿತ್ತು. ಆದರೆ ಕಸ ತೆಗೆಯುವುದೂ ದುರಸ್ತಿಯೇ, ಅದಕ್ಕೆ ಅವಕಾಶವಿಲ್ಲ. ಹಾಗಾಗಿ ಮೇಸ್ತ್ರಿ ಹಳೆಯದನ್ನು ಕಿತ್ತಿಟ್ಟು, ಹೊಚ್ಚ ಹೊಸ ನಲ್ಲಿ ತಂದು, ಅದರ ವಾಷರನ್ನು ಬ್ಲೇಡಿನಿಂದ ಕೊಯ್ದು ಕೂರಿಸಿದ. ಕೊಯ್ಯುವಾಗ ಅವನಿಗೆ ಅಳು ಬಂತು. ಹನಿ ಬಿತ್ತು. ಮೊದಲಿನದಕ್ಕಿಂತ ಸೊಗಸಾಗಿದೆ ಎಂದು ಎಲ್ಲರೂ ಒಪ್ಪಿದರು. ಮೇಸ್ತ್ರಿಗೆ 'ಹನಿ ಅಧೀಕ್ಷಕ' ಹುದ್ದೆಗೆ ಬಡ್ತಿಯಾಯಿತು. ಶಾಖಾ ಕಚೇರಿಗಳ ನಲ್ಲಿಗಳನ್ನೂ ಕೆಡಿಸಿ ಬರುವ ಹೊಣೆ ಅವನದಾಯಿತು. ಸ್ಪ್ಯಾನರನ್ನು ಇಲಾಖೆ ವಶಕ್ಕೆ ತೆಗೆದುಕೊಂಡಿತು.

ಮನೆಗೆ ಬಂದರೆ ಅಡುಗೆಮನೆ ನಲ್ಲಿ ಸೋರುತ್ತಿದೆ ಎಂದಳು ಹೆಂಡತಿ. ಅವನ ಕೈ ಜೇಬಿಗೆ ಹೋಯಿತು, ಬರಿದಾಗಿ ಹೊರಬಂತು. ನಲ್ಲಿಯ ಮುಂದೆ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ.

"ಏನ್ರೀ ಮಾಡ್ತಿದ್ದೀರಾ?"

"ಗಮನಿಸ್ತಿದ್ದೀನಿ."

"ಎಲ್ಲೀವರೆಗೆ?"

"ನಿವೃತ್ತಿ ಆಗೋವರೆಗೆ."

ಅವಳು ನಲ್ಲಿಯ ಕೆಳಗೊಂದು ಬಕೆಟ್ ಇಟ್ಟು, ಪಕ್ಕದಲ್ಲಿ ಬಂದು ಕೂತಳು.